ಹೂ ನೋಡುವ ಮೊದಲು ಕಿಟಕಿ

ನನ್ನ ಮೊದಲ ಆರ್ಕಿಡ್ ಉಡುಗೊರೆಯಾಗಿ ಬಂದದ್ದು. ಕೆಲಸ ಬದಲಿಸುವಾಗ ಹಳೆಯ ಕಚೇರಿಯವರು ಸೇರಿ ಕೊಟ್ಟರು. ಬಾಗಿದ ದಂಟಿನ ಉದ್ದಕ್ಕೂ ಒಂಬತ್ತು ಬಿಳಿ ಹೂ, ತುದಿಯಲ್ಲಿ ನಾಲ್ಕು ಮೊಗ್ಗು, ಕೆಳಗೆ ಹೊಳೆಯುವ ಪಿಂಗಾಣಿ ಕುಂಡ. ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ಪಕ್ಕದ ಸೀಟಿನವರು ಮೂರು ಸಲ ತಿರುಗಿ ನೋಡಿದ್ದರು. ಮನೆಯಲ್ಲಿ ಎಲ್ಲರ ಕಣ್ಣಿಗೆ ಬೀಳುವ ಮೂಲೆಯಲ್ಲಿಟ್ಟು, ದಿನವೂ ಬೆಳಿಗ್ಗೆ ಅರ್ಧ ಲೋಟ ನೀರು ಹಾಕುತ್ತಾ ಬಂದೆ. ಮೂರನೆಯ ವಾರಕ್ಕೆ ಎಲೆಗಳು ಜೋತುಬಿದ್ದವು. ನನಗೆ ಗೊತ್ತಿದ್ದ ಎಲ್ಲ ಗಿಡಗಳಲ್ಲೂ ಎಲೆ ಜೋತುಬಿದ್ದರೆ ಬಾಯಾರಿಕೆ ಎಂದೇ ಅರ್ಥ. ಹಾಗಾಗಿ ಒಂದು ಲೋಟ ಹಾಕಲು ಶುರುಮಾಡಿದೆ.

ಒಂದು ದಿನ ಧೂಳು ಒರೆಸಲು ಎಲೆಯನ್ನು ಹಿಡಿದಾಗ ಇಡೀ ಗಿಡವೇ ಕೈಗೆ ಬಂತು. ಬೇರುಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು. ಒಂದನ್ನು ಬೆರಳಲ್ಲಿ ಹಿಸುಕಿದರೆ ಮೇಲಿನ ಸಿಪ್ಪೆ ಅಂಗಿಯ ತೋಳಿನಂತೆ ಜಾರಿ, ಒಳಗಿನ ದಾರವೊಂದು ಉಳಿಯಿತು. ಪಿಂಗಾಣಿ ಕುಂಡಕ್ಕೆ ತೂತೇ ಇರಲಿಲ್ಲ. ತಳದಲ್ಲಿ ಒಂದು ಅಂಗುಲ ನೀರು ನಿಂತು ನಾರುತ್ತಿತ್ತು. ಬಾಯಾರಿಕೆ ನಿಜವೇ. ಆದರೆ ಕುಡಿಯುವ ಬಾಯನ್ನೇ ನಾನು ಕೊಳೆಯಿಸಿಬಿಟ್ಟಿದ್ದೆ.

ಇದು ಹನ್ನೊಂದು ವರ್ಷದ ಹಿಂದಿನ ಮಾತು. ಈಗ ನನ್ನ ಕಿಟಕಿಗಳ ಅಂಚಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಆರ್ಕಿಡ್‌ಗಳಿವೆ. ಅದಕ್ಕಾಗಿಯೇ ಏನೋ, ಬಳಗದಲ್ಲಿ ಯಾರಾದರೂ ಯಾರಿಗಾದರೂ ಆರ್ಕಿಡ್ ಕೊಡಬೇಕೆಂದುಕೊಂಡರೆ ನನಗೊಂದು ಕರೆ ಬರುತ್ತದೆ. ಅವರು ಕೇಳುವುದು ಬಣ್ಣದ ಬಗ್ಗೆ. ಬಿಳಿಯೋ, ನೇರಳೆಯೋ, ಹಳದಿಯೋ? ನಾನು ತಿರುಗಿ ಕೇಳುವುದು ಬೇರೆ. ಯಾರಿಗೆ? ಅವರ ಮನೆಗೆ ಬೆಳಗಿನ ಬಿಸಿಲು ಬರುತ್ತದೆಯೇ? ರಾತ್ರಿ ಮನೆ ತಣ್ಣಗಾಗುತ್ತದೆಯೇ? ಅವರು ಗಿಡಕ್ಕೆ ನೀರು ಹಾಕಲು ಮರೆಯುವವರೋ, ಹಾಕಿ ಹಾಕಿ ಮುಳುಗಿಸುವವರೋ? ಒಮ್ಮೆ ಅಕ್ಕ ತಾಳ್ಮೆ ಕಳೆದುಕೊಂಡು, "ಒಂದು ಹೂ ಕೊಡುವುದಕ್ಕೆ ಜಾತಕವೆಲ್ಲ ಕೇಳುತ್ತೀಯಲ್ಲ" ಎಂದು ಫೋನ್ ಇಟ್ಟಿದ್ದಳು.

ಕೇಳದೆ ಹೇಗೆ? ಆರ್ಕಿಡ್ ಎಂಬುದು ಒಂದು ಗಿಡದ ಹೆಸರಲ್ಲ. 25,000ಕ್ಕೂ ಹೆಚ್ಚು ಪ್ರಭೇದಗಳಿರುವ ಒಂದು ಕುಟುಂಬ ಅದು. ಹಿಮದ ಅಂಚಿನ ಹುಲ್ಲುಗಾವಲಿನಿಂದ ಹಿಡಿದು ಬೇಯುವ ಕಾಡಿನವರೆಗೆ ಹಬ್ಬಿರುವ ಸಂತಾನ. ಅಂಗಡಿಗೆ ಬರುವ ಆರೇಳು ಬಗೆಗಳಲ್ಲೂ ಒಂದಕ್ಕೆ ಹಿತವಾದದ್ದು ಇನ್ನೊಂದಕ್ಕೆ ಆಗದು. ಸೀತಾಳೆ ದಂಡೆಯನ್ನು ಮರದ ಮೇಲೆ ನೋಡಿದವರಿಗೆ ಒಂದು ವಿಷಯ ಹೇಳಬೇಕಾಗಿಲ್ಲ: ಇವುಗಳಲ್ಲಿ ಬಹುಪಾಲು ಮಣ್ಣಿನ ಗಿಡಗಳೇ ಅಲ್ಲ. ಕೊಂಬೆಗೆ ಅಂಟಿಕೊಂಡು ಬದುಕುತ್ತವೆ, ಆದರೆ ಬಂದಳಿಕೆಯಂತೆ ಮರದ ರಸ ಹೀರುವುದಿಲ್ಲ. ಮಳೆ ಬಂದಾಗ ಬೇರು ನೆನೆಯುತ್ತದೆ, ಗಾಳಿ ಬೀಸಿದಾಗ ಒಣಗುತ್ತದೆ. ಬೇರಿನ ಸುತ್ತ ವೆಲಾಮೆನ್ ಎಂಬ ಸ್ಪಂಜಿನಂಥ ಹೊದಿಕೆಯಿದೆ. ಒಣಗಿದಾಗ ಅದು ಬೆಳ್ಳಿಯ ಬಣ್ಣಕ್ಕಿರುತ್ತದೆ. ನೀರು ಬಿದ್ದ ಕೂಡಲೇ ಒಳಗಿನ ಹಸಿರು ಕಾಣಿಸುತ್ತದೆ. ಗಿಡ ತನ್ನ ಹಸಿವನ್ನು ಇಷ್ಟು ಸ್ಪಷ್ಟವಾಗಿ ಹೇಳುತ್ತಿದ್ದರೂ ನಾನು ಪಿಂಗಾಣಿಯ ಗೋಡೆ ಕಟ್ಟಿ ಕೇಳಿಸದಂತೆ ಮಾಡಿದ್ದೆ. ಹೊಟ್ಟೆ ತುಂಬಿದವರ ಎಲೆಗೆ ಮತ್ತೆ ಮತ್ತೆ ಬಡಿಸುವುದೂ ಒಂದು ಬಗೆಯ ಹಿಂಸೆಯೇ.

ಅಂದು ನನ್ನ ಕೈಯಲ್ಲಿ ಸತ್ತದ್ದು ಫಲೆನಾಪ್ಸಿಸ್. ಉಡುಗೊರೆಯ ಆರ್ಕಿಡ್ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಅದೇ. 1825ರಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞ ಕೊಟ್ಟ ಈ ಹೆಸರಿಗೆ ಗ್ರೀಕ್‌ನಲ್ಲಿ 'ಪತಂಗದಂತೆ ಕಾಣುವುದು' ಎಂದು ಅರ್ಥ. ಸಾಲಾಗಿ ಕುಳಿತ ಬಿಳಿ ಪತಂಗಗಳನ್ನು ನೋಡಿದರೆ ಹೆಸರು ಸರಿ ಎನಿಸುತ್ತದೆ. ಆರ್ಕಿಡ್ ಪ್ರಿಯರಲ್ಲಿ ಕೆಲವರಿಗೆ ಇದರ ಬಗ್ಗೆ ತಾತ್ಸಾರ. ಎಲ್ಲೆಡೆ ಸಿಗುತ್ತದೆ, ಹಾಗಾಗಿ ಅಗ್ಗ ಎಂಬ ಭಾವನೆ. ನನಗೆ ಆ ಬಿಗುಮಾನ ಒಪ್ಪಿಗೆಯಿಲ್ಲ. ಗಿಡದ ಬಗ್ಗೆ ಏನೂ ತಿಳಿಯದವರಿಗೆ ಕೊಡುವುದಾದರೆ ಇದಕ್ಕಿಂತ ಸಹನೆಯ ಆರ್ಕಿಡ್ ನನಗೆ ಗೊತ್ತಿಲ್ಲ. ಮನುಷ್ಯನಿಗೆ ಹಿತವಾದ ಬೆಚ್ಚಗೆಯೇ ಅದಕ್ಕೂ ಹಿತ. ನೆತ್ತಿಯ ಬಿಸಿಲು ಬೇಡ. ಬೆಳಗಿನ ಎಳೆಬಿಸಿಲು, ಉಳಿದ ಹೊತ್ತು ಬರೀ ಬೆಳಕು ಸಾಕು. ಹೂಗಳು ಎರಡು ಮೂರು ತಿಂಗಳು ನಿಲ್ಲುತ್ತವೆ. ವಾರಕ್ಕೊಮ್ಮೆ ನೀರು, ಅದೂ ಬೇರು ಬೆಳ್ಳಿಯ ಬಣ್ಣಕ್ಕೆ ತಿರುಗಿದ ಮೇಲೆ. ಎಲೆಗಳ ನಡುವಿನ ಕುಳಿಯಲ್ಲಿ ಮಾತ್ರ ನೀರು ನಿಲ್ಲಬಾರದು. ಅಲ್ಲಿ ಕೊಳೆತರೆ ಗಿಡಕ್ಕೆ ಬೇರೆ ದಾರಿಯಿಲ್ಲ, ಏಕೆಂದರೆ ಅದು ಬೆಳೆಯುವುದು ಆ ಒಂದೇ ತುದಿಯಿಂದ.

ವಾರಕ್ಕೆ ಮೂರು ಐಸ್ ತುಂಡು ಇಟ್ಟರೆ ಸಾಕು ಎಂಬ ಸಲಹೆ ಕೇಳಿ ನಾನು ಬಹಳ ದಿನ ಮೂಗು ಮುರಿದಿದ್ದೆ. ಉಷ್ಣವಲಯದ ಬೇರಿಗೆ ಮಂಜುಗಡ್ಡೆಯೇ! ಆದರೆ 2017ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳವರು ಪ್ರಯೋಗ ಮಾಡಿ, ತೊಗಟೆ ಚೂರುಗಳಲ್ಲಿ ಬೆಳೆದ ಫಲೆನಾಪ್ಸಿಸ್‌ಗೆ ಇದರಿಂದ ತೊಂದರೆ ಕಾಣಲಿಲ್ಲ ಎಂದು ಪ್ರಕಟಿಸಿದರು. ಯೋಚಿಸಿದರೆ ಅಲ್ಲಿರುವುದು ಐಸಿನ ಮಹಿಮೆಯಲ್ಲ, ಅಳತೆಯದು. ನನ್ನಂಥ ಧಾರಾಳಿಯ ಕೈಯಿಂದ ಲೋಟವನ್ನು ಕಸಿದುಕೊಳ್ಳುವ ಉಪಾಯ. ನಾನು ಇಂದಿಗೂ ಹಾಗೆ ಮಾಡುವುದಿಲ್ಲ, ಮಾಡುವವರನ್ನು ಬೈಯುವುದನ್ನು ಬಿಟ್ಟಿದ್ದೇನೆ.

ಇದೇ ಜಾತಿಯಲ್ಲಿ ಕಡುನೀಲಿ ಹೂವಿನದೊಂದು ಸಿಗುತ್ತದೆ. ಮಸಿಯ ನೀಲಿ. ಅದು ಮಸಿಯೇ. ಬಿಳಿ ಹೂವಿನ ಗಿಡದ ದಂಟಿಗೆ ಬಣ್ಣ ಚುಚ್ಚಿ ಏರಿಸಿರುತ್ತಾರೆ. ದಂಟಿನ ಬುಡದಲ್ಲಿ ಹುಡುಕಿದರೆ ತೂತಿನ ಗುರುತು ಸಿಗುತ್ತದೆ. ಮುಂದಿನ ಸಲ ಹೂ ಬಿಟ್ಟಾಗ ಬಿಳಿಯೇ ಬರುತ್ತದೆ. ನೀಲಿಯನ್ನು ಮೆಚ್ಚಿ ಒಂದು ವರ್ಷ ಕಾದವರಿಗೆ ಆಗ ಏನನ್ನಿಸಬೇಡ? ತಿಳಿಸಿ ಮಾರಿದರೆ ನನ್ನ ತಕರಾರಿಲ್ಲ, ತಿಳಿಸಿ ಮಾರಿದ್ದನ್ನು ಮಾತ್ರ ನಾನು ಅಪರೂಪಕ್ಕೆ ಕಂಡಿದ್ದೇನೆ.

ಡೆಂಡ್ರೋಬಿಯಂ ಕೊಡುವುದಾದರೆ ಒಂದು ಎಚ್ಚರಿಕೆಯನ್ನೂ ಜೊತೆಗೆ ಕೊಡಬೇಕು. ಸಣ್ಣ ಬಿದಿರಿನಂತೆ ಗೆಣ್ಣುಗೆಣ್ಣಾದ ಕೋಲುಗಳು ಅದಕ್ಕೆ. ವಯಸ್ಸಾದ ಕೋಲುಗಳು ಎಲೆ ಉದುರಿಸಿ ಬೋಳಾಗುತ್ತವೆ. ಭಾವನಿಗೆ ಒಂದು ಕೊಟ್ಟಿದ್ದೆ. ಶಿಸ್ತಿನ ಮನುಷ್ಯ, ಒಂದು ಭಾನುವಾರ ಕತ್ತರಿ ಹಿಡಿದು ಬೋಳು ಕೋಲುಗಳನ್ನೆಲ್ಲ ಬುಡಸಮೇತ ಕತ್ತರಿಸಿ, "ಒಣಗಿದ್ದನ್ನೆಲ್ಲ ತೆಗೆದೆ, ಈಗ ಚೆನ್ನಾಗಿ ಬರುತ್ತದೆ" ಎಂದು ಚಿತ್ರ ಕಳಿಸಿದರು. ಅವು ಒಣಗಿರಲಿಲ್ಲ. ಗಿಡದ ಉಗ್ರಾಣವೇ ಅವು. ನೀರು, ಆಹಾರ ಎಲ್ಲ ಅಲ್ಲಿರುತ್ತದೆ, ಎಷ್ಟೋ ಸಲ ಮುಂದಿನ ಹೂವೂ ಅದೇ ಬೋಳು ಕೋಲಿನಿಂದಲೇ ಹೊರಡುತ್ತದೆ. ಕೋಲು ಸುಕ್ಕುಗಟ್ಟಿ ಪೂರ್ತಿ ಕಂದಾಗುವ ತನಕ ಕತ್ತರಿ ಪೆಟ್ಟಿಗೆಯಲ್ಲೇ ಇರಲಿ. ಅಂಗಡಿಯಲ್ಲಿ ಈ ಹೆಸರಿನಡಿ ಎರಡು ಬಗೆ ಸಿಗುತ್ತವೆ. ಒಂದಕ್ಕೆ ಹೂ ಬರುವುದು ಕೋಲಿನ ತುದಿಯ ದಂಟಿನಲ್ಲಿ, ನೋಡಲು ಸಣ್ಣ ಫಲೆನಾಪ್ಸಿಸ್‌ನಂತೆ. ಅದು ವರ್ಷವಿಡೀ ಬೆಚ್ಚಗಿರುವ ಮನೆಗೆ ಸರಿ. ಇನ್ನೊಂದು ನೋಬಿಲೆ, ಕೋಲಿನ ಉದ್ದಕ್ಕೂ ಗೆಣ್ಣುಗಳಲ್ಲೇ ಹೂ ಬಿಡುತ್ತದೆ. ಅದಕ್ಕೆ ಚಳಿಗಾಲದಲ್ಲಿ ತಂಪೂ ಬೇಕು, ನೀರಿನ ಉಪವಾಸವೂ ಬೇಕು. ಕರುಣೆ ತೋರಿಸಿ ಆಗಲೂ ನೀರು, ಗೊಬ್ಬರ ಕೊಟ್ಟರೆ ಹೂವಿನ ಜಾಗದಲ್ಲಿ ಮರಿಗಿಡಗಳು ಮೂಡುತ್ತವೆ. ಇಂಥ ಮರಿಗಳಿಗೆ ಆರ್ಕಿಡ್ ಬೆಳೆಯುವವರು ಹವಾಯಿ ಭಾಷೆಯ 'ಕೇಕಿ' ಎಂಬ ಪದವನ್ನು ಬಳಸುತ್ತಾರೆ, ಮಗು ಎಂದರ್ಥ. ಮುದ್ದಾದ ಪದ, ಹೂವಿಗಾಗಿ ಕಾದವರಿಗೆ ಮಾತ್ರ ಅಷ್ಟೇನೂ ಮುದ್ದಲ್ಲ.

ನನ್ನ ಅತಿ ದೊಡ್ಡ ತಪ್ಪು ಆಯ್ಕೆ ಸಿಂಬಿಡಿಯಂ. ಹೊಸ ಮನೆಗೆ ಹೋದ ಗೆಳತಿಗೆ ಕೊಟ್ಟೆ. ಸೊಂಟದೆತ್ತರದ ಗಿಡ, ಎರಡು ದಂಟು, ಮೇಣದಲ್ಲಿ ಎರಕ ಹೊಯ್ದಂಥ ತಿಳಿಹಸಿರು ಹೂಗಳು. ಎರಡು ತಿಂಗಳು ಅವಳ ಮನೆಗೆ ಬಂದವರೆಲ್ಲ ಅದನ್ನೇ ಹೊಗಳಿದರು. ಆಮೇಲೆ ಐದು ವರ್ಷ ಅದು ಬರೀ ಹುಲ್ಲಿನಂತೆ ಬೆಳೆಯಿತು. ಸಿಂಬಿಡಿಯಂ ಮೊಗ್ಗು ಕಟ್ಟಬೇಕಾದರೆ ಬೇಸಿಗೆ ಮುಗಿದ ಮೇಲಿನ ರಾತ್ರಿಗಳು 10ರಿಂದ 15 ಡಿಗ್ರಿಯಷ್ಟು ತಣ್ಣಗಿರಬೇಕು. ಅವಳದು ಮಹಡಿಯ ಮೇಲಿನ ಮನೆ. ಹಗಲಿನ ಕಾವನ್ನು ಗೋಡೆಗಳು ರಾತ್ರಿಯಿಡೀ ಬಿಟ್ಟುಕೊಡುತ್ತಿದ್ದವು. ಅವಳಲ್ಲಿ ದೋಷವಿರಲಿಲ್ಲ, ಗಿಡದಲ್ಲೂ ಇರಲಿಲ್ಲ. ಆದರೂ ಪ್ರತಿ ಸಲ ಹೋದಾಗ ಅವಳೇ ತಪ್ಪಿತಸ್ಥಳಂತೆ, "ನನ್ನ ಕೈಗುಣ ಸರಿಯಿಲ್ಲ ಕಣೇ" ಎನ್ನುತ್ತಿದ್ದಳು. ಅವಳ ಕೈಗುಣಕ್ಕೆ ಆ ಕೆಟ್ಟ ಹೆಸರು ತಂದುಕೊಟ್ಟವಳು ನಾನು. ತಂಪು ಊರಿನಲ್ಲಿ ಅಂಗಳವೋ ಬಾಲ್ಕನಿಯೋ ಇರುವವರಿಗೆ ಸಿಂಬಿಡಿಯಂಗಿಂತ ಉದಾರವಾದ ಗಿಡವಿಲ್ಲ. ಉಳಿದವರಿಗೆ ಅದರ ಕೊಯ್ದ ಹೂದಂಟನ್ನೇ ಕೊಡಿ. ನೀರಿನಲ್ಲಿಟ್ಟರೆ ವಾರಗಟ್ಟಲೆ ಬಾಳುತ್ತದೆ.

ದೊಡ್ಡಮ್ಮನಿಗೆ ಎಂಬತ್ತು ತುಂಬಿದಾಗ ಏನು ಕೊಡುವುದೆಂದು ನಾನು ಬಹಳ ಯೋಚಿಸಿದೆ. ಅಷ್ಟು ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಬಿಳಿ ಹೂವೂ ಬಿಳಿ ಗೋಡೆಯೂ ಒಂದೇ. ಆಗ ತೋಚಿದ್ದು ಕ್ಯಾಟ್ಲಿಯಾ. 1820ರ ದಶಕದಲ್ಲಿ ಲಿಂಡ್ಲಿ ಎಂಬ ಸಸ್ಯಶಾಸ್ತ್ರಜ್ಞ, ಗಿಡವನ್ನು ಬೆಳೆಸಿ ಹೂ ಬಿಡಿಸಿದ ವಿಲಿಯಂ ಕ್ಯಾಟ್ಲಿಯ ಹೆಸರನ್ನು ಇದಕ್ಕಿಟ್ಟ. ಅಂಗೈಯಗಲದ ಹೂ, ಮಡಿಕೆಮಡಿಕೆಯಾದ ತುಟಿ, ನೋಟಕ್ಕೆ ಸ್ವಲ್ಪ ಅತಿಯಾಯಿತೇನೋ ಎನಿಸುವ ವೈಭವ. ನಿಲ್ಲುವುದು ಎರಡು ಮೂರು ವಾರ ಮಾತ್ರ. ಲೆಕ್ಕ ಹಾಕಿ ಕೊಡುವವರು ಇಲ್ಲೇ ಹಿಂಜರಿಯುತ್ತಾರೆ. ಆದರೆ ಅನೇಕ ಕ್ಯಾಟ್ಲಿಯಾಗಳಿಗೆ ಪರಿಮಳವಿದೆ, ಅದೂ ಬೆಳಗಿನ ಹೊತ್ತು ಗಾಢ. ಎಲ್ಲಕ್ಕೂ ಇರುವುದಿಲ್ಲ, ಹಾಗಾಗಿ ಬೆಳಿಗ್ಗೆಯೇ ನರ್ಸರಿಗೆ ಹೋಗಿ ಒಂದೊಂದನ್ನೇ ಮೂಸಿ ನೋಡಿದೆ. ಆಯ್ದುಕೊಂಡದ್ದರ ಬಣ್ಣ ನನಗೆ ಅಷ್ಟೊಂದು ಹಿಡಿಸಿರಲಿಲ್ಲ. ದೊಡ್ಡಮ್ಮ ಅದನ್ನು ಕುರ್ಚಿಯ ಪಕ್ಕದ ಕಿಟಕಿಯಲ್ಲಿ ಇಡಿಸಿಕೊಂಡರು. ಬಿಸಿಲು ಚೆನ್ನಾಗಿ ಬರುವ ಕಿಟಕಿ. ಕ್ಯಾಟ್ಲಿಯಾಗೂ ಅದೇ ಬೇಕು. ಎಲೆ ಗಾಢ ಹಸಿರಾದರೆ ಬೆಳಕು ಸಾಲದೆಂದೂ, ತಿಳಿಹಸಿರಿದ್ದರೆ ಸರಿಯೆಂದೂ ತಿಳಿಯಬೇಕು. ಮೊದಲ ವಾರ ಅವರು ದಿನವೂ ಫೋನ್ ಮಾಡಿ, "ಇವತ್ತು ಏಳಕ್ಕೇ ಬಂತು" ಎನ್ನುತ್ತಿದ್ದರು. ಬರುತ್ತಿದ್ದುದು ವಾಸನೆ.

ಪರಿಮಳದ ಮಾತು ಬಂದಾಗ ಆನ್ಸಿಡಿಯಂ ಗುಂಪಿನ 'ಶೆರಿ ಬೇಬಿ' ಎಂಬ ಮಿಶ್ರತಳಿಯನ್ನು ಬಿಡುವಂತಿಲ್ಲ. ಅದಕ್ಕೆ ಚಾಕೊಲೇಟಿನ ವಾಸನೆ. ಮಕ್ಕಳಿರುವ ಮನೆಗೆ ಕೊಟ್ಟು ನೋಡಿ. ಹಳದಿ ಹೂಗಳ ಆನ್ಸಿಡಿಯಂಗಳು ಗಾಳಿಗೆ ಅಲುಗಾಡಿದರೆ ಲಂಗ ತೊಟ್ಟ ನೂರು ಹುಡುಗಿಯರು ಕುಣಿದಂತೆ. ಅದರ ಎಲೆ ಬೀಸಣಿಗೆಯ ಮಡಿಕೆಯಂತೆ ಸುಕ್ಕಾಗಿ ಹೊರಬಂದರೆ ನೀರು ಸಾಲಲಿಲ್ಲವೆಂದು ಅರ್ಥ. ಒಮ್ಮೆ ಮೂಡಿದ ಆ ಸುಕ್ಕು ಆಮೇಲೆ ಎಷ್ಟು ನೀರುಣಿಸಿದರೂ ಹೋಗುವುದಿಲ್ಲ.

ವಾಂಡಾ ನಮಗೆ ಹೆಸರಿನಿಂದಲೇ ಹತ್ತಿರದ್ದು, ಅದು ಸಂಸ್ಕೃತದ 'ವಂದಾ'ದಿಂದ ಬಂದ ಪದ. ಬುಟ್ಟಿಯಲ್ಲಿ ಮಣ್ಣಿಲ್ಲ, ತೊಗಟೆಯಿಲ್ಲ. ಗಜದುದ್ದದ ಬೇರುಗಳು ಗಾಳಿಯಲ್ಲಿ ಜಡೆಯಂತೆ ಇಳಿಬಿದ್ದಿರುತ್ತವೆ. ಬೆಚ್ಚನೆಯ ಹವೆ, ಜೋರು ಬೆಳಕು, ದಿನವೂ ನೀರು. ಇದನ್ನು ಯಾರಿಗೂ ಕೇಳದೆ ಕೊಡಬೇಡಿ. ಕೊಟ್ಟರೆ ಅವರು ಎರಡು ದಿನ ಊರಿಗೆ ಹೋಗುವಾಗಲೂ ಪಕ್ಕದ ಮನೆಯವರನ್ನು ಗೋಗರೆಯಬೇಕು.

ನಾನು ನನಗಾಗಿ ಕೊಳ್ಳುವುದಾದರೆ, ಅಥವಾ ನಿಜವಾಗಿ ಹತ್ತಿರದವರಿಗೆ ಕೊಡುವುದಾದರೆ, ಪ್ಯಾಫಿಯೋಪೆಡಿಲಂ. ಹೆಸರಿಗೆ ಹೆದರಬೇಡಿ, ಬೆಳೆಯುವವರು ಪ್ಯಾಫ್ ಎಂದು ಮೊಟಕಾಗಿಸಿದ್ದಾರೆ. ವೀನಸ್ ದೇವತೆಯ ಪಾದರಕ್ಷೆ ಎಂಬ ಅರ್ಥದ ಹೆಸರು. ಹೂವಿನ ತುಟಿ ಚೀಲವಾಗಿ ಮುಂದಕ್ಕೆ ಚಾಚಿರುತ್ತದೆ. ಕೀಟ ಅದರೊಳಗೆ ಜಾರಿ ಬೀಳುತ್ತದೆ. ನುಣುಪು ಗೋಡೆ ಹತ್ತಲಾಗದೆ ಹಿಂಬದಿಯ ಇಕ್ಕಟ್ಟಿನಿಂದ ತೂರಿ ಹೊರಬರುವಾಗ ಬೆನ್ನಿಗೆ ಪರಾಗ ಮೆತ್ತಿಕೊಂಡಿರುತ್ತದೆ. ಒಂದು ದಂಟಿಗೆ ಸಾಮಾನ್ಯವಾಗಿ ಒಂದೇ ಹೂ. ಹೂವಿನ ಮೇಲೆ ಗೆರೆ, ಚುಕ್ಕೆ, ಕೂದಲು, ಕೆಲವಕ್ಕೆ ನರುಳ್ಳೆಯಂಥ ಗಂಟು. ಮೊದಲ ನೋಟಕ್ಕೆ ಚಂದ ಎನ್ನಲು ಯಾರಿಗೂ ನಾಲಿಗೆ ಏಳುವುದಿಲ್ಲ. ಆದರೆ ಒಂದೆರಡು ತಿಂಗಳು ಅದು ಮೇಜಿನ ಮೇಲಿದ್ದರೆ ಯಾರೋ ಕುಳಿತು ನಮ್ಮನ್ನು ನೋಡುತ್ತಿರುವ ಭಾವ. ಬೆಳಕು ಕಡಿಮೆಯಿರುವ ಮನೆಗೂ ಆಗುತ್ತದೆ. ಎಲೆಯ ಮೇಲೆ ಮಚ್ಚೆಮಚ್ಚೆ ಚಿತ್ತಾರವಿದ್ದರೆ ಸಾಮಾನ್ಯವಾಗಿ ಬೆಚ್ಚನೆಯ ಮನೆಗೆ ಹೊಂದುವ ಬಗೆ, ಹಸಿರು ಎಲೆಯ ಹಲವು ಬಗೆಗಳಿಗೆ ಸ್ವಲ್ಪ ತಂಪು ಬೇಕು. ಕೋಲಿಲ್ಲ, ಗೆಡ್ಡೆಯಿಲ್ಲ, ಹಾಗಾಗಿ ಬೇರನ್ನು ಪೂರ್ತಿ ಒಣಗಲು ಬಿಡಬಾರದು.

ನನಗೆ ಅದರ ಮೇಲಿನ ಮೋಹಕ್ಕೆ ಇನ್ನೊಂದು ಕಾರಣವಿದೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು; ಒಂದು ಕಾಯಿಯಲ್ಲಿ ಲಕ್ಷಾಂತರ. ಮೊಳೆಯುವ ಕೂಸಿಗೆ ಬುತ್ತಿಯೇ ಇಲ್ಲ. ಕಾಡಿನಲ್ಲಿ ಅದಕ್ಕೆ ಒಂದು ಶಿಲೀಂಧ್ರ ಊಟ ಹಾಕಬೇಕೆಂದು 1899ರಲ್ಲಿ ನೋಯೆಲ್ ಬರ್ನಾರ್ ಕಂಡುಕೊಂಡ. ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆಸಿದ ಪಾಕದಲ್ಲಿ ಬೀಜ ಮೊಳೆಯಿಸಬಹುದೆಂದು 1922ರಲ್ಲಿ ಲೂಯಿಸ್ ನಡ್ಸನ್ ತೋರಿಸಿದ. 1960ರಲ್ಲಿ ಜಾರ್ಜ್ ಮೊರೆಲ್ ಸಿಂಬಿಡಿಯಂನ ಚಿಗುರುತುದಿಯ ಕಣದಷ್ಟು ಅಂಗಾಂಶದಿಂದ ಸಾಲುಸಾಲು ಗಿಡ ಪಡೆಯುವ ಹಾದಿ ತೆರೆದ. ಒಂದು ಕಾಲಕ್ಕೆ ಶ್ರೀಮಂತರ ಗಾಜಿನ ಮನೆಯಲ್ಲಿ ಮಾತ್ರ ಇದ್ದ ಹೂ ನನ್ನ ಮಡಿಲಲ್ಲಿ ಬಸ್ ಹತ್ತಿದ್ದು ಇವರಿಂದ. ಇಂದು ಸಾಲಾಗಿಟ್ಟ ಬಿಳಿ ಫಲೆನಾಪ್ಸಿಸ್‌ಗಳು ಹೆಚ್ಚಿನ ಸಲ ಒಂದೇ ಗಿಡದ ಪಡಿಯಚ್ಚುಗಳು. ಪ್ಯಾಫ್ ಮಾತ್ರ ಈ ನಕಲಿಗೆ ಸುಲಭವಾಗಿ ಒಗ್ಗಿಲ್ಲ. ಬಹುಪಾಲು ಬೀಜದಿಂದಲೇ ಬರುತ್ತದೆ, ಇಲ್ಲವೇ ಹಳೆಯ ಗಿಡ ಒಡೆದಾಗ. ಆದ್ದರಿಂದ ಬೀಜದಿಂದ ಬಂದ ಒಂದು ಪ್ಯಾಫ್ ಕೊಟ್ಟರೆ ಅಂಥದ್ದೇ ಇನ್ನೊಂದು ಜಗತ್ತಿನಲ್ಲಿ ಎಲ್ಲೂ ಇರುವುದಿಲ್ಲ. ಕಾಡಿನಿಂದ ಕಿತ್ತು ತಂದದ್ದನ್ನು ಮಾತ್ರ ಕೊಳ್ಳಬಾರದು. ಈ ಕುಲದ ಎಲ್ಲ ಪ್ರಭೇದಗಳೂ, ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಮೊದಲ ಪಟ್ಟಿಯಲ್ಲಿವೆ, ಕಾಡಿನ ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷಿದ್ಧ.

ಯಾವ ಬಗೆಯೇ ಆಗಲಿ, ಕೊಳ್ಳುವಾಗ ನಾನು ಹೂವನ್ನು ಕೊನೆಗೆ ನೋಡುತ್ತೇನೆ. ಕುಂಡವನ್ನು ಸ್ವಲ್ಪ ಅಲುಗಿಸಿದಾಗ ಗಿಡ ಗಟ್ಟಿ ನಿಂತಿರಬೇಕು. ಪಾರದರ್ಶಕ ಕುಂಡವಾದರೆ ಬೇರುಗಳು ದಪ್ಪಗೆ, ಹಸಿರೋ ಬೆಳ್ಳಿಯೋ ಆಗಿ ಕಾಣಬೇಕು. ಎಲ್ಲ ಹೂವೂ ಅರಳಿದ್ದಕ್ಕಿಂತ ಕೆಳಗಿನವು ಅರಳಿ ತುದಿಯಲ್ಲಿ ಮೊಗ್ಗಿರುವುದನ್ನು ಆರಿಸಿದರೆ ಪಡೆದವರಿಗೆ ಹೆಚ್ಚು ದಿನ. ಪೂರ್ತಿ ಮೊಗ್ಗೇ ಇರುವುದೂ ಬೇಡ. ಹವೆ ಬದಲಾದ ಆಘಾತಕ್ಕೆ ಮೊಗ್ಗುಗಳು ಹಳದಿಯಾಗಿ ಉದುರಿಬಿಡುತ್ತವೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಿಡ ಬಿಟ್ಟು ಇನ್ನೊಂದು ಅಂಗಡಿಗೆ ಹೋಗಬೇಡಿ. ಕೊಟ್ಟ ಮೇಲೆ, ಅದನ್ನು ಹಣ್ಣಿನ ಬುಟ್ಟಿಯ ಪಕ್ಕ ಇಡಬೇಡಿರೆಂದು ಹೇಳಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಹೂವನ್ನೂ ಮುದಿಯಾಗಿಸುತ್ತದೆ. ಬೆಕ್ಕಿರುವ ಮನೆಯಾದರೆ ಫಲೆನಾಪ್ಸಿಸ್ ಬಗ್ಗೆ ಭಯವಿಲ್ಲ, ಅದು ಬೆಕ್ಕುನಾಯಿಗಳಿಗೆ ವಿಷವಲ್ಲ. ಲಿಲ್ಲಿ ಹೂ ಬೆಕ್ಕಿನ ಮೂತ್ರಪಿಂಡವನ್ನೇ ಹಾಳುಮಾಡಬಲ್ಲದು ಎಂಬುದನ್ನು ಹೂಗುಚ್ಛ ಕೊಡುವ ಎಷ್ಟೋ ಮಂದಿ ಅರಿತಿಲ್ಲ.

ಪಿಂಗಾಣಿ ಕುಂಡವನ್ನು ನಾನು ದೂರ ಮಾಡಿಲ್ಲ. ಅಂದ ಇರಲಿ. ಒಳಗೆ ತೂತಿನ ಪ್ಲಾಸ್ಟಿಕ್ ಕುಂಡವೇ ಇರುತ್ತದೆ. ಅದನ್ನು ಎತ್ತಿ ತೆಗೆದು, ನೀರುಣಿಸಿ, ಸೋರಲು ಬಿಟ್ಟು, ಮತ್ತೆ ಒಳಗಿಡಿ ಎಂದು ಒಂದು ಚೀಟಿ ಬರೆದು ಜೊತೆಗೆ ಕೊಡುತ್ತೇನೆ. ಚೀಟಿಯ ಕೊನೆಯಲ್ಲಿ ಇನ್ನೊಂದು ಮಾತು: ಹೂ ಉದುರಿದ ಮೇಲೆ ಎಸೆಯಬೇಡಿ, ಬೇಡವೆನಿಸಿದರೆ ನನಗೇ ವಾಪಸ್ ಕೊಡಿ. ನನ್ನ ಇಪ್ಪತ್ತರಲ್ಲಿ ಐದಾರು ಹಾಗೆ ತವರಿಗೆ ಬಂದವು. ಗೆಳತಿಯ ಸಿಂಬಿಡಿಯಂ ಬಂದಿಲ್ಲ. ಅದನ್ನು ಅವಳು ತಂಪು ಊರಿನ ತಮ್ಮನ ಮನೆಗೆ ಕಳಿಸಿದಳು. ಅಲ್ಲಿ ಎರಡನೆಯ ಚಳಿಗಾಲಕ್ಕೆ ನಾಲ್ಕು ದಂಟು ಬಿಟ್ಟಿತಂತೆ. ಬದಲಿಗೆ ನಾನು ಅವಳಿಗೊಂದು ಗುಲಾಬಿ ಬಣ್ಣದ ಫಲೆನಾಪ್ಸಿಸ್ ಕೊಟ್ಟೆ. ಹೂವೆಲ್ಲ ಉದುರಿ ಎಂಟು ತಿಂಗಳಾಗಿತ್ತು.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಅವಳಿಂದ ಒಂದು ಚಿತ್ರ ಬಂತು. ಎಲೆಯ ಸಂದಿಯಿಂದ ಅಕ್ಕಿಕಾಳಿನಷ್ಟು ಹಸಿರು ಏನೋ ಇಣುಕುತ್ತಿದೆ. "ಇದು ಬೇರೋ, ಹೂದಂಟೋ?" ಬೇರಾದರೆ ತುದಿ ನುಣ್ಣಗೆ ದುಂಡಗಿರುತ್ತದೆ. ಹೂದಂಟಾದರೆ ತುಸು ಚಪ್ಪಟೆ, ಹೆಬ್ಬೆರಳಿನ ಕೈಗವಸಿನಂತೆ ಒಂದು ಬದಿಗೆ ಸಣ್ಣ ಮಡಿಕೆ. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ, ಮಸುಕಾಯಿತು. ಇನ್ನೊಂದು ಕೋನದಿಂದ ತೆಗೆದು ಕಳಿಸು ಎಂದೆ. ಟಾರ್ಚ್ ಹಿಡಿದು ಮಗನಿಂದ ತೆಗೆಸಿ ಕಳಿಸಿದಳು. ಅದರಲ್ಲೂ ಖಚಿತವಾಗಲಿಲ್ಲ. ಒಂದು ವಾರ ಬಿಟ್ಟು ನೋಡೋಣ ಎಂದು ಬರೆದೆ. "ಒಂದು ವಾರವೇ!" ಎಂದು ಉತ್ತರ ಬಂತು. ಬೆಳಿಗ್ಗೆ ಏಳುವಷ್ಟರಲ್ಲಿ ಮತ್ತೆ ಮೂರು ಚಿತ್ರಗಳು ಬಂದು ಕುಳಿತಿದ್ದವು.